ಶಿಂಚಾನ್‌ನ ಊರಿನ ಪಾತಾಳ ನದಿ

ನಿಮ್ಮ ಮನೆಯ ಮಕ್ಕಳು ಟಿ.ವಿ.ಯಲ್ಲಿ ನೋಡಿ ನಗುವ ಆ ತುಂಟ ಶಿಂಚಾನ್ ಯಾವ ಊರಿನವನು ಗೊತ್ತೇ? ಕಾಸುಕಾಬೆ! ಟೋಕಿಯೊದ ಉತ್ತರಕ್ಕೆ, ಸೈತಾಮಾ ಪ್ರಾಂತ್ಯದಲ್ಲಿದೆ. ನೋಡಲು ಸಾಧಾರಣ ಊರು. ಆದರೆ ಅಲ್ಲಿನ ಫುಟ್‌ಬಾಲ್ ಮೈದಾನವೊಂದರ ಬಳಿ ನೂರಕ್ಕೂ ಹೆಚ್ಚು ಮೆಟ್ಟಿಲಿಳಿದು ನೋಡಿ, ಎದೆ ಝಲ್ಲೆನ್ನುತ್ತದೆ!

177 ಮೀಟರ್ ಉದ್ದ, 78 ಮೀಟರ್ ಅಗಲದ ಹಜಾರ. ಅದರೊಳಗೆ 18 ಮೀಟರ್ ಎತ್ತರದ 59 ಕಂಬಗಳು. ಒಂದೊಂದರ ತೂಕವೂ 500 ಟನ್! ಜಪಾನೀಯರು ಇದನ್ನು ‘ನೆಲದಡಿಯ ದೇಗುಲ’ ಎಂದೇ ಕರೆಯುತ್ತಾರೆ. ವರ್ಷಕ್ಕೆ ಸರಾಸರಿ ಏಳು ಬಾರಿ ಈ ಪಾತಾಳ ವ್ಯವಸ್ಥೆಯೊಳಕ್ಕೆ ನೆರೆನೀರು ನುಗ್ಗಿ ಬರುತ್ತದೆ.

ಟೋನೆ, ಎದೊ, ಅರಾ ಎಂಬ ದೊಡ್ಡ ನದಿಗಳ ನಡುವಿನ ತಗ್ಗು ನೆಲವಿದು. ಒಳಗಿನ ಸಣ್ಣ ಹೊಳೆಗಳಿಗೆ ಇಳಿಜಾರೇ ಇಲ್ಲ. ಒಂದು ಕಾಲಕ್ಕೆ ಭತ್ತದ ಗದ್ದೆಗಳು ಒಂದಷ್ಟು ಮಳೆಯನ್ನು ತಡೆದು ನಿಲ್ಲಿಸಿಕೊಳ್ಳುತ್ತಿದ್ದವು. ಗದ್ದೆಗಳ ಮೇಲೆ ಮನೆ, ರಸ್ತೆ ಎದ್ದವು. ನೀರು ಮನೆಯೊಳಕ್ಕೆ ಬಂತು. ಮೇಲೆ ಜಾಗವಿಲ್ಲ ಎಂದಾಗ ಎಂಜಿನಿಯರುಗಳು 1993ರಲ್ಲಿ ಕೆಳಕ್ಕೆ ಅಗೆಯತೊಡಗಿದರು.

ಎಂಥ ಚಮತ್ಕಾರ ನೋಡಿ! ಹೊಳೆ ಉಕ್ಕಿದರೆ ನೀರು ತಗ್ಗಿನ ಒಡ್ಡನ್ನು ತಾನೇ ಹಾರಿ, ಸುಮಾರು 70 ಮೀಟರ್ ಆಳದ ಬಾವಿಗೆ ಧುಮ್ಮಿಕ್ಕುತ್ತದೆ. ಅಂಥ ಐದು ಬಾವಿಗಳು. ಅವನ್ನು ಬೆಸೆಯಲು ನೆಲದಿಂದ 50 ಮೀಟರ್ ಕೆಳಗೆ, 6.3 ಕಿಲೋಮೀಟರ್ ಉದ್ದದ ಸುರಂಗ. ಅಲ್ಲಿಂದ ನೀರು ಕಂಬಗಳ ಹಜಾರಕ್ಕೆ ಏರಿ, ರಭಸ ಇಳಿಸಿಕೊಳ್ಳುತ್ತದೆ. ವಿಮಾನದ ಎಂಜಿನ್ನನ್ನು ಮಾರ್ಪಡಿಸಿದ ಗ್ಯಾಸ್ ಟರ್ಬೈನುಗಳು ನಾಲ್ಕು ಪಂಪುಗಳನ್ನು ಓಡಿಸುತ್ತವೆ. ಸೆಕೆಂಡಿಗೆ ಎರಡು ಲಕ್ಷ ಲೀಟರ್ ನೀರು ಎದೊ ನದಿಗೆ ಬೀಳುತ್ತದೆ!

ಕಂಬಗಳೇಕೆ ಅಷ್ಟು ಭಾರ? ಚಾವಣಿ ಹೊರಲಿಕ್ಕಷ್ಟೇ ಅಂದುಕೊಂಡಿರಾ? ಖಾಲಿ ಕೊಡವನ್ನು ಹಂಡೆಯ ನೀರಿನಲ್ಲಿ ಅದುಮಿದರೆ ಮೇಲಕ್ಕೆ ಚಿಮ್ಮುತ್ತದಲ್ಲ, ಹಾಗೆಯೇ ಅಂತರ್ಜಲ ಈ ಖಾಲಿ ಹಜಾರವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಅದು ತೇಲದಂತೆ ಹಿಡಿದಿಟ್ಟಿರುವುದು ಈ ತೂಕವೇ!

2019ರ ಅಕ್ಟೋಬರಿನಲ್ಲಿ ಹಗಿಬಿಸ್ ಚಂಡಮಾರುತ ಅಪ್ಪಳಿಸಿತು. ಇಡೀ ವ್ಯವಸ್ಥೆ ಹಿಡಿದಿಡಬಲ್ಲದ್ದು ಸುಮಾರು 6.7 ಲಕ್ಷ ಘನಮೀಟರ್. ಆಗ ಹಾದುಹೋದದ್ದು ಸುಮಾರು 1.2 ಕೋಟಿ ಘನಮೀಟರ್! ನೀರು ಬಂದಂತೆಲ್ಲ ಹೊರದಬ್ಬಿದ್ದರಿಂದಲೇ ಇದು ಸಾಧ್ಯವಾಯಿತು.

ಆದರೂ ನಿಶ್ಚಿಂತೆಯಿಲ್ಲ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ತೇವಾಂಶ ಹೊರಬಲ್ಲದು. ಸುರಿದರೆ ಒಮ್ಮೆಲೇ ಸುರಿಯುತ್ತದೆ. ಹಳೆಯ ಮಳೆಯ ಲೆಕ್ಕದಲ್ಲಿ ಕಟ್ಟಿದ ಚರಂಡಿ, ಕಾಲುವೆಗಳೆಲ್ಲ ನಾಳಿನ ಮಳೆಗೆ ಸಾಲವು.

2006ರಲ್ಲಿ ಕೆಲಸ ಮುಗಿದಾಗ ಆಗಿದ್ದ ಖರ್ಚು ಸುಮಾರು 23 ಸಾವಿರ ಕೋಟಿ ಯೆನ್. ಗದ್ದೆಗಳು ಪುಕ್ಕಟೆಯಾಗಿ ಹೊರುತ್ತಿದ್ದ ಭಾರದ ಒಂದು ಪಾಲಿಗೆ ತೆತ್ತ ಬೆಲೆಯೂ ಇದರಲ್ಲಿ ಸೇರಿದೆ. ನಿಮ್ಮೂರಿನಲ್ಲಿ ಕೆರೆಯಂಗಳ, ಗದ್ದೆಬಯಲು ಇನ್ನೂ ಉಳಿದಿದ್ದರೆ ಬಿಟ್ಟುಕೊಡಬೇಡಿ.