ಅಟ್ಟದಿಂದ ಇಳಿದದ್ದು

ಮೈಸೂರಿನ ಸರಸ್ವತಿಪುರದ ಮನೆ ಬಿಟ್ಟು ಎರಡು ಕೋಣೆಯ ಫ್ಲ್ಯಾಟಿಗೆ ಹೋಗೋಣ ಎಂದು ನಮ್ಮ ಯಜಮಾನರು ಅಂದ ದಿನ ನಾನು ಮೊದಲು ಹುಡುಕಿದ್ದು ಸೀಮೆಸುಣ್ಣ. 31 ವರ್ಷ ಶಾಲೆಯಲ್ಲಿ ಪಾಠ ಮಾಡಿದ ಕೈ ಇದು. ಹೊಸ ಅಡುಗೆಮನೆ 8 ಅಡಿ ಉದ್ದ, 7 ಅಡಿ ಅಗಲ. ಹಳೇ ನಡುಮನೆಯ ನೆಲದ ಮೇಲೆ ಅದೇ ಅಳತೆಗೆ ಗೆರೆ ಎಳೆದು, ಬೇಕಾದ ಪಾತ್ರೆಗಳನ್ನು ಒಳಗೆ ಜೋಡಿಸುತ್ತ ಬಂದೆ. ಅರ್ಧ ಗಂಟೆಯಲ್ಲಿ ಜಾಗ ತುಂಬಿತು. ಅಟ್ಟದ ಮೇಲಿನದು ಇನ್ನೂ ಇಳಿದೇ ಇರಲಿಲ್ಲ.

ಮನೆ ಸಣ್ಣದು ಮಾಡಿಕೊಳ್ಳುವವರು ಬೇಡದ್ದನ್ನು ಆರಿಸುತ್ತ ಕೂರಬಾರದು. ಹೊಸ ಜಾಗಕ್ಕೆ ಹಿಡಿಸುವಷ್ಟನ್ನು ಮೊದಲು ಎತ್ತಿಟ್ಟು, ಉಳಿದದ್ದಕ್ಕೆ ಒಂದೊಂದಾಗಿ ನೆಲೆ ಹುಡುಕಬೇಕು. ನಮಗೆ ಆ ಹುಡುಕಾಟಕ್ಕೇ ಮೂರು ತಿಂಗಳು ಹಿಡಿಯಿತು.

"ಅಮ್ಮ, ಗುಜರಿಯವರನ್ನ ಕರೆದರೆ ಒಂದೇ ದಿನದ ಕೆಲಸ" ಎಂದ ಮಗ. ಮೊದಲ ದಿನ ಹಾಗೇ ಮಾಡಿದೆವು. ಹಂಡೆ, ಕೊಳಗ, ತಟ್ಟೆ, ಬಟ್ಟಲು ಎಲ್ಲವೂ ಹಿತ್ತಾಳೆಯ ರೇಟಿಗೆ ತೂಕವಾಗಿ ಹೋದವು. ಅದರಲ್ಲಿ ಅತ್ತೆಯವರ ಕಂಚಿನ ತಟ್ಟೆಗಳೂ ಇದ್ದವೆಂದು ರಾತ್ರಿ ಮಲಗಿದ ಮೇಲೆ ಹೊಳೆಯಿತು. ಹಿತ್ತಾಳೆ ಎಂದರೆ ತಾಮ್ರಕ್ಕೆ ಸತು ಬೆರೆಸಿದ್ದು, ಕಂಚು ಎಂದರೆ ತಾಮ್ರಕ್ಕೆ ತವರ ಬೆರೆಸಿದ್ದು. ತವರ ಸತುವಿಗಿಂತ ಎಷ್ಟೋ ಪಟ್ಟು ದುಬಾರಿ. ಬೆರಳ ತುದಿಯ ಮೇಲೆ ನಿಲ್ಲಿಸಿ ಮೆಲ್ಲಗೆ ಬಡಿದರೆ ಕಂಚಿನ ತಟ್ಟೆ ಗಂಟೆಯ ಹಾಗೆ ಬಹಳ ಹೊತ್ತು ನುಡಿಯುತ್ತದೆ, ಹಿತ್ತಾಳೆಯ ದನಿ ಬೇಗ ಸತ್ತುಹೋಗುತ್ತದೆ. ಇಷ್ಟು ಗೊತ್ತಿದ್ದೂ ಅವಸರದಲ್ಲಿ ಬಡಿದು ನೋಡಲಿಲ್ಲ. ಹೋದ ಹಣಕ್ಕಿಂತ, 60 ವರ್ಷ ಮನೆಮಂದಿ ಉಂಡ ತಟ್ಟೆಗಳು ಗುಜರಿಯವರ ಕೈಗೆ ಹೋದದ್ದು ಇವತ್ತಿಗೂ ನೋವು. ಆಮೇಲೆ ಒಂದು ಲೋಟವನ್ನೂ ಬಡಿದು ನೋಡದೆ ಕೊಡಲಿಲ್ಲ.

ಸೀರೆಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಅತ್ತೆಯವರ 11 ಸೀರೆಗಳಲ್ಲಿ 4 ಹಾಗೆ ಹೋಗಿದ್ದವು. ಬೀದಿಯಲ್ಲಿ "ಹಳೇ ಜರಿ ಸೀರೆ" ಎಂದು ಕೂಗುತ್ತ ಬರುವವರಿಗೆ ಬೇಕಾದದ್ದು ಬಟ್ಟೆಯಲ್ಲ, ಅದನ್ನು ಸುಟ್ಟರೆ ಸಿಗುವ ಬೆಳ್ಳಿ. ನಮ್ಮ ಕೆಎಸ್‌ಐಸಿ ಮೈಸೂರು ಸಿಲ್ಕಿನ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಈಚಿನ ಎಷ್ಟೋ ಸೀರೆಗಳಲ್ಲಿ ತಾಮ್ರದ ತಂತಿಗೆ ಬೆಳ್ಳಿ ಬಳಿದಿರುತ್ತಾರೆ. ನಿಮ್ಮದು ಯಾವುದೆಂದು ನಂಬಿಕೆಯ ಅಕ್ಕಸಾಲಿಗರಲ್ಲಿ ಒರೆಗೆ ಹಚ್ಚಿಸಿ ತಿಳಿದುಕೊಂಡೇ ಮಾತಾಡಿ. ಸೀಳಿದವುಗಳಲ್ಲಿ ಎರಡರ ಸೆರಗಿನಿಂದ ಮೊಮ್ಮಗಳಿಗೆ ಲಂಗ ಹೊಲಿಸಿದೆ.

ಅಕ್ಕಿ ಡಬ್ಬಿಯ ತಳದಲ್ಲಿ ಹಳೇ 500ರ ಎರಡು ನೋಟು ಸಿಕ್ಕವು. 2016ರ ನವೆಂಬರ್ 8ಕ್ಕೆ ರದ್ದಾದವು. ಇಂಥವನ್ನು 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯ ಪ್ರಕಾರ ಅಪರಾಧ. ಕ್ರಯಪತ್ರ, ಖಾತೆ, ಕಂದಾಯದ ರಸೀದಿಗಳ ಕಟ್ಟನ್ನು ಮಾತ್ರ ಬಿಚ್ಚದೆ ಹಾಗೇ ಹೊಸ ಮನೆಗೆ ಒಯ್ದೆ.

ಕಷ್ಟವಾದದ್ದು ದಸರಾ ಗೊಂಬೆ. ನಮ್ಮಲ್ಲಿ ಮದುವೆಗೆ ತೌರಿನವರು ಮಗಳಿಗೆ ಪಟ್ಟದ ಗೊಂಬೆಯ ಜೋಡಿ ಕೊಡುವುದು ಪದ್ಧತಿ. ಹೀಗೆ ಮೂರು ಸೊಸೆಯರ ಮೂರು ಜೋಡಿ ನಮ್ಮನೆಯಲ್ಲಿ ಕೂಡಿದ್ದವು: ನನ್ನದು, ಅತ್ತೆಯವರದು, ಅವರ ಅತ್ತೆಯದು. ನ್ಯೂಜೆರ್ಸಿಯಲ್ಲಿರುವ ನಾದಿನಿಯ ಮಗಳು "ಅತ್ತೆ, ಹಳೇ ಜೋಡಿ ನನಗಿರಲಿ" ಎಂದು ಫೋನಿನಲ್ಲೇ ಅತ್ತಳು. ಆದರೆ ಅದು ರಕ್ತಚಂದನದ್ದು. ಆ ಮರವನ್ನು ದೇಶದಾಚೆ ಒಯ್ಯಲು ಕಟ್ಟುನಿಟ್ಟಿನ ನಿರ್ಬಂಧವಿದೆ. ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರೆ ಏನು ಗತಿ? ಕೊನೆಗೆ ಹಾಸನದಲ್ಲಿರುವ ಅವಳ ತಂಗಿಗೆ ಅರಿಸಿನ ಕುಂಕುಮದ ಜೊತೆ ಕೊಟ್ಟೆ. ಈ ಸಲದ ನವರಾತ್ರಿಗೆ ಅವಳು ಅವಕ್ಕೆ ಹೊಸ ಸೀರೆ, ಪಂಚೆ ಉಡಿಸಿದ ಫೋಟೊ ಕಳಿಸಿದಳು.

ಎಲ್ಲಕ್ಕೂ ಕಡೆಗೆ ಇಳಿದದ್ದು ಕೆಂಪು ವಸ್ತ್ರದಲ್ಲಿ ಸುತ್ತಿದ ತಾಳೆಗರಿಯ ಕಟ್ಟು. ಲಿಪಿ ನಮಗಾರಿಗೂ ಓದಲು ಬರಲಿಲ್ಲ. "ಹುಳ ತಿಂದಿದೆ, ಬಚ್ಚಲ ಒಲೆಗೆ ಹಾಕಿ" ಎಂದರು ಒಬ್ಬರು. ನನಗೆ ನೆನಪಾದದ್ದು ನಮ್ಮೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಸ್ಥಾಪನೆಯಾದ ಆ ಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು. 1909ರಲ್ಲಿ ಅದು ಅಚ್ಚಾಯಿತು. ನಮ್ಮ ಕಟ್ಟನ್ನು ಬಲ್ಲವರೊಬ್ಬರಿಗೆ ತೋರಿಸಿದೆವು. ಮದುವೆಯ ಮಂತ್ರಗಳು, ಅಪರೂಪದ್ದೇನಲ್ಲ ಎಂದರು. ಹಾಗಿದ್ದರೂ ಒಲೆಗೆ ಹೋಗಲಿಲ್ಲ ಎಂಬ ಸಮಾಧಾನ ನನಗಿದೆ.

ನಿಮ್ಮ ಅಟ್ಟದ ಮೇಲೂ ಇಂಥದೊಂದು ಕಟ್ಟಿದ್ದರೆ ದಾರ ಬಿಚ್ಚಬೇಡಿ, ನೀರಿನ ಬಟ್ಟೆಯಲ್ಲಿ ಒರೆಸಬೇಡಿ. ಓದಬಲ್ಲವರ ಹತ್ತಿರ ಒಯ್ದು ತೋರಿಸಿ.