ಹಳೆಯ ಉಗಿಬಂಡಿಯ ನಿಜರೂಪ ಯಾವುದು?

ಓಲೆಗರಿಯ ಗ್ರಂಥವೊಂದನ್ನು ಸಂಪಾದಿಸಲು ಕುಳಿತ ವಿದ್ವಾಂಸನಿಗೆ ಎದುರಾಗುವ ಮೊದಲ ತೊಡಕು ಪಾಠಾಂತರಗಳದು. ಒಂದು ಪ್ರತಿಯಲ್ಲಿ ಒಂದು ಮಾತು, ಇನ್ನೊಂದರಲ್ಲಿ ಮತ್ತೊಂದು. ಕವಿ ಬರೆದುದು ಯಾವುದು, ಲಿಪಿಕಾರ ಸೇರಿಸಿದುದು ಯಾವುದು ಎಂದು ತೂಗಿನೋಡದೆ ಆತ ಒಂದು ಸಾಲನ್ನೂ ಅಚ್ಚಿಗೆ ಕೊಡುವಂತಿಲ್ಲ. ಇದೇ ತೊಡಕು ಕಬ್ಬಿಣ ಉಕ್ಕುಗಳ ಲೋಕದಲ್ಲಿಯೂ ಉಂಟೆಂದರೆ ವಾಚಕರಿಗೆ ಸೋಜಿಗವೆನಿಸೀತು. ಹಳೆಯ ಉಗಿ ಎಂಜಿನುಗಳ ಜೀರ್ಣೋದ್ಧಾರಕ್ಕೆ ಕೈಹಾಕಿದವರನ್ನು ಇಂಗ್ಲೆಂಡಿನಲ್ಲಿ ದಶಕಗಳಿಂದ ಕಾಡುತ್ತಿರುವ ಪ್ರಶ್ನೆ ಇದೇ: ಈ ಎಂಜಿನು ತನ್ನ ಆಯುಷ್ಯದಲ್ಲಿ ಹಲವು ರೂಪಗಳನ್ನು ತಳೆದಿತ್ತು, ಅವುಗಳಲ್ಲಿ ಯಾವುದನ್ನು ನಿಜವೆಂದು ಹಿಡಿಯಬೇಕು?

ಉಗಿ ಎಂಜಿನು ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪದಲ್ಲಿ ಕೊನೆಯ ತನಕ ಉಳಿಯುತ್ತಿದ್ದುದು ಅಪರೂಪ. ಬಾಯ್ಲರಿನ ರಿಪೇರಿಗೆ ಉಳಿದ ಭಾಗಗಳ ರಿಪೇರಿಗಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು. ಅಷ್ಟು ದಿನ ಎಂಜಿನನ್ನು ಸುಮ್ಮನೆ ನಿಲ್ಲಿಸಿದರೆ ನಷ್ಟವಷ್ಟೆ. ಆದುದರಿಂದ ಅದೇ ಜಾತಿಯ ಇನ್ನೊಂದು ಎಂಜಿನಿನಿಂದ ಇಳಿಸಿ ಸಿದ್ಧಪಡಿಸಿಟ್ಟ ಬಾಯ್ಲರನ್ನು ಇದಕ್ಕೆ ಏರಿಸಿ ಕಳುಹಿಸುತ್ತಿದ್ದರು. ಹೀಗೆ ಹತ್ತಾರು ವರ್ಷ ದುಡಿದ ಎಂಜಿನಿನಲ್ಲಿ ಹುಟ್ಟಿದಂದಿನ ಲೋಹ ಎಷ್ಟು ಉಳಿದಿರಬಹುದು ಎಂಬುದನ್ನು ವಾಚಕರೇ ಊಹಿಸಬಹುದು.

ಜಗತ್ಪ್ರಸಿದ್ಧವಾದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಜಿನಿನ ಕಥೆಯನ್ನೇ ನೋಡೋಣ. ನೈಜೆಲ್ ಗ್ರೆಸ್ಲಿಯವರು ರೂಪಿಸಿದ ಈ ಎಂಜಿನು 1923ರಲ್ಲಿ ಡಾಂಕ್ಯಾಸ್ಟರಿನ ಕಾರ್ಖಾನೆಯಿಂದ 1472 ಎಂಬ ಅಂಕಿ ಹೊತ್ತು ಹೊರಬಂತು. ಮರುವರ್ಷ 4472 ಆಯಿತು. 1934ರ ನವೆಂಬರ್ 30ರಂದು ಗಂಟೆಗೆ 100 ಮೈಲಿ ವೇಗವನ್ನು ಮುಟ್ಟಿ ಕೀರ್ತಿ ಪಡೆಯಿತು. ಆಗ ಅದರ ಮೈಬಣ್ಣ ಎಳೆಯ ಸೇಬಿನ ಹಸುರು. 1947ರಲ್ಲಿ ಹೆಚ್ಚು ಒತ್ತಡದ ಬಾಯ್ಲರು ಹೊತ್ತು ಅದು ಎ-1 ವರ್ಗದಿಂದ ಎ-3 ವರ್ಗಕ್ಕೆ ಸೇರಿತು. ರೈಲ್ವೆಗಳು ರಾಷ್ಟ್ರದ ಸ್ವತ್ತಾದ ಮೇಲೆ ಅದರ ಅಂಕಿ 60103 ಆಯಿತು, ಬಣ್ಣವೂ ಬದಲಾಯಿತು. ಐವತ್ತರ ದಶಕದ ಕೊನೆಗೆ ಜೋಡಿ ಚಿಮಣಿ ಬಂತು. ಅದರಿಂದ ಉಗಿಯ ರಭಸ ತಗ್ಗಿ, ಹೊಗೆ ಮೇಲಕ್ಕೆ ಚಿಮ್ಮದೆ ಚಾಲಕನ ಕಣ್ಣಿಗೆ ಅಡ್ಡ ಬರತೊಡಗಿತು. ಈ ತೊಂದರೆಯನ್ನು ನಿವಾರಿಸಲು 1961ರಲ್ಲಿ ಮುಂಭಾಗದ ಎರಡು ಪಕ್ಕಗಳಲ್ಲಿಯೂ ಹೊಗೆ ತಳ್ಳುವ ತಗಡುಗಳನ್ನು ಜೋಡಿಸಿದರು. 1963ರ ಜನವರಿಯಲ್ಲಿ ಎಂಜಿನು ಸೇವೆಯಿಂದ ನಿವೃತ್ತವಾಯಿತು.

ಗುಜರಿಗೆ ಹೋಗಬೇಕಾಗಿದ್ದ ಅದನ್ನು ಆಲನ್ ಪೆಗ್ಲರ್ ಎಂಬವರು 3000 ಪೌಂಡು ತೆತ್ತು ಕೊಂಡು ಉಳಿಸಿದರು. ತಗಡುಗಳನ್ನು ಕಳಚಿಸಿ, ಒಂಟಿ ಚಿಮಣಿ ಇಡಿಸಿ, ಸೇಬುಹಸುರು ಬಳಿಸಿ, 4472 ಎಂಬ ಹಳೆಯ ಅಂಕಿಯನ್ನೇ ಬರೆಸಿದರು. ಜನರ ಮನಸ್ಸಿನಲ್ಲಿದ್ದುದು ಆ ರೂಪವೇ. ಆದರೆ ಸೂಕ್ಷ್ಮವಾಗಿ ನೋಡಿದರೆ, ಆ ಅಂಕಿ ಹೊತ್ತು ದುಡಿದ ಕಾಲದಲ್ಲಿ ಎಂಜಿನಿಗೆ ಎ-3ರ ಬಾಯ್ಲರು ಇರಲಿಲ್ಲ! ಮುಂದೆ ಜೋಡಿ ಚಿಮಣಿಯೂ ತಗಡುಗಳೂ ಮರಳಿ ಬಂದಾಗ, ಒಂದು ಕಾಲದಲ್ಲಿ ಅವುಗಳ ಜೊತೆಗೇ ಸೇಬುಹಸುರೂ ಕಾಣಿಸಿಕೊಂಡಿತು. ಚರಿತ್ರೆಯಲ್ಲಿ ಎಂದೂ ಇರದಿದ್ದ ರೂಪವದು. ಪಂಪನ ಪದ್ಯಕ್ಕೆ ಷಡಕ್ಷರಿಯ ಸಾಲನ್ನು ಹೊಸೆದಂತೆ!

2004ರಲ್ಲಿ ಯಾರ್ಕಿನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯವು ಎಂಜಿನನ್ನು ಕೊಂಡಿತು. ಸುಮಾರು 42 ಲಕ್ಷ ಪೌಂಡು ವೆಚ್ಚದ ಜೀರ್ಣೋದ್ಧಾರ ಮುಗಿದು 2016ರಲ್ಲಿ ಅದು ಮತ್ತೆ ಹಳಿಯ ಮೇಲೆ ಬಂದಾಗ ಮೈಮೇಲಿದ್ದುದು ಸೇಬುಹಸುರಲ್ಲ. ಬ್ರಿಟಿಷ್ ರೈಲ್ವೆಯ ಕಡುಹಸುರು, 60103 ಎಂಬ ಅಂಕಿ. ಜೋಡಿ ಚಿಮಣಿ ಮತ್ತು ತಗಡುಗಳಿರುವ ದೇಹಕ್ಕೆ ಒಪ್ಪುವುದು ಸೇವೆಯ ಕೊನೆಯ ವರ್ಷಗಳ ಉಡುಪೇ ಹೊರತು 1934ರ ಉಡುಪಲ್ಲ. ಬಾಲ್ಯದ ಬಣ್ಣವನ್ನು ನೆನೆದವರಿಗೆ ನಿರಾಸೆಯಾಗಿರಬಹುದು. ಪಾಠಶುದ್ಧಿಗೆ ಮಾತ್ರ ಭಂಗ ಬರಲಿಲ್ಲ.

ಇದಕ್ಕೆ ಪ್ರತಿಯಾದ ಇನ್ನೊಂದು ದಾರಿಯೂ ಉಂಟು. ಜಾರ್ಜ್ ಸ್ಟೀವನ್‌ಸನ್ ಮತ್ತು ಅವರ ಮಗ ರಾಬರ್ಟ್ ಅವರ ‘ರಾಕೆಟ್’ 1829ರಲ್ಲಿ ರೇನ್‌ಹಿಲ್ಲಿನ ಪಂದ್ಯವನ್ನು ಗೆದ್ದು 500 ಪೌಂಡು ಬಹುಮಾನ ತಂದಿತು. ಆಗ ಅದರ ಮೈ ಹಳದಿ, ಚಿಮಣಿ ಬಿಳುಪು, ಸಿಲಿಂಡರುಗಳು ಕಡಿದಾದ ಓರೆಯಲ್ಲಿದ್ದುವು. ಕೆಲವೇ ವರ್ಷಗಳಲ್ಲಿ ಆ ಸಿಲಿಂಡರುಗಳನ್ನು ಬಹುಮಟ್ಟಿಗೆ ಅಡ್ಡಲಾಗಿ ತಗ್ಗಿಸಿದರು. ಇತರ ಮಾರ್ಪಾಡುಗಳೂ ಆದುವು. 1862ರಲ್ಲಿ ಲಂಡನ್ನಿನ ಪೇಟೆಂಟ್ ಕಚೇರಿಯ ವಸ್ತುಸಂಗ್ರಹಾಲಯವನ್ನು ಸೇರಿದುದು ಪಂದ್ಯ ಗೆದ್ದ ಚೆಲುವನಲ್ಲ, ದುಡಿದು ಸವೆದ ಕಪ್ಪು ಮುದುಕ. ಅದನ್ನು ಹಳದಿ ಬಳಿದು ಮದುಮಗನಂತೆ ಸಿಂಗರಿಸಿದ್ದರೆ ನೋಡುವವರಿಗೆ ಹಿಗ್ಗಾಗುತ್ತಿತ್ತು. ಆದರೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮೈಕೇಲ್ ಬೈಲಿ ಮತ್ತು ಜಾನ್ ಗ್ಲಿದೆರೊ ಎಂಬ ಇಬ್ಬರು ಸಂಶೋಧಕರು ಅದರ ಮೈಮೇಲಿನ ತೂತು, ತೇಪೆ, ಸವಕಲುಗಳನ್ನು ಶಾಸನದ ಅಕ್ಷರಗಳಂತೆ ಓದಿ ಅದರ ಜೀವನಚರಿತ್ರೆಯನ್ನು ಬಿಡಿಸಿದರು. ಸಿಂಗಾರ ಮಾಡಿದ್ದರೆ ಆ ಶಾಸನವೇ ಅಳಿದುಹೋಗುತ್ತಿತ್ತು. ಹಳದಿ ರಾಕೆಟ್ಟು ಓಡುವುದನ್ನು ಕಾಣಬಯಸುವವರಿಗಾಗಿ 1979ರಲ್ಲಿ ಬೇರೆಯೇ ಒಂದು ಪ್ರತಿಕೃತಿಯನ್ನು ಕಟ್ಟಿದರು. ಮೂಲವನ್ನು ಮುಟ್ಟದೆ, ಪ್ರತಿಯನ್ನು ಓಡಿಸುವ ಈ ಉಪಾಯ ಮೆಚ್ಚತಕ್ಕದ್ದು.

ಹಾಗಾದರೆ ಎಲ್ಲ ಎಂಜಿನುಗಳನ್ನೂ ನಿಲ್ಲಿಸಿಬಿಡುವುದೇ ಸರಿಯೆ? ಉರಿಯಿಲ್ಲದ ಉಗಿಬಂಡಿ ನಾದವಿಲ್ಲದ ವೀಣೆಯಂತೆ ಎನ್ನುವವರ ಮಾತಿನಲ್ಲಿಯೂ ಸತ್ಯವಿದೆ. ಒಲೆಗೆ ಕಲ್ಲಿದ್ದಲು ಎರಚುವ ಹದ, ಉಗಿಯ ಒತ್ತಡವನ್ನು ಕಾಯುವ ಜಾಣ್ಮೆ ಇವೆಲ್ಲ ಕೈಯಿಂದ ಕೈಗೆ ದಾಟಬೇಕಾದ ವಿದ್ಯೆಗಳು. ಗಾಜಿನ ಪೆಟ್ಟಿಗೆಯಲ್ಲಿ ಉಳಿಯುವಂಥವಲ್ಲ. ನಮ್ಮ ದೇಶದಲ್ಲಿ 1855ರ ‘ಫೇರಿ ಕ್ವೀನ್’ ಎಂಬ ಎಂಜಿನು 1909ರಲ್ಲಿ ನಿವೃತ್ತವಾಗಿ, 1997ರಲ್ಲಿ ಮತ್ತೆ ಪ್ರಯಾಣಿಕರನ್ನು ಹೊತ್ತು ಓಡಿದುದು ಇಂಥ ಉತ್ಸಾಹದಿಂದಲೇ. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಎಂಜಿನುಗಳನ್ನು ಕಂಡ ಮಕ್ಕಳು ಕೇಳುವ ಮೊದಲ ಪ್ರಶ್ನೆಯೂ “ಇದು ಓಡುತ್ತದೆಯೆ?” ಎಂಬುದೇ ಅಲ್ಲವೆ? ಆದರೆ ಓಡುವ ಎಂಜಿನು ಸವೆಯುತ್ತದೆ, ಸವೆದುದನ್ನು ಬದಲಾಯಿಸಬೇಕಾಗುತ್ತದೆ. ಇಂದಿನ ಮುಖ್ಯಮಾರ್ಗಗಳಲ್ಲಿ ಓಡಬೇಕಾದರೆ ಇಂದಿನ ಸುರಕ್ಷತಾ ಉಪಕರಣಗಳನ್ನೂ ಹೊರಬೇಕು. ಜನರ ಪ್ರಾಣಕ್ಕಿಂತ ಪಾಠಶುದ್ಧಿ ದೊಡ್ಡದಲ್ಲ.

ಹೀಗಿರುವಾಗ ಬೇಕಾದುದು ಪ್ರಾಮಾಣಿಕತೆ. ಒಳ್ಳೆಯ ಸಂಪಾದಕನು ತಾನು ಆರಿಸಿದ ಪಾಠವನ್ನು ಮೇಲೆ ಅಚ್ಚುಹಾಕಿ, ಬಿಟ್ಟ ಪಾಠಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಎಂಜಿನಿನ ಜೀರ್ಣೋದ್ಧಾರಕನೂ ಒಂದು ಕಾಲವನ್ನು ಆರಿಸಿಕೊಂಡು ಅದಕ್ಕೆ ನಿಷ್ಠನಾಗಿರಲಿ. ಕಳಚಿದ ಹಳೆಯ ಭಾಗವನ್ನು ಗುಜರಿಗೆ ಹಾಕದೆ ಕಾದಿರಿಸಲಿ. ಬಿಚ್ಚುವ ಮುನ್ನ ಪ್ರತಿಯೊಂದನ್ನೂ ಅಳೆದು ಬರೆದಿಡಲಿ. ಈ ಬಣ್ಣ ಇಂಥ ವರ್ಷದ್ದು, ಈ ಬಾಯ್ಲರು ಈಚಿನದು ಎಂದು ಫಲಕದ ಮೇಲೆ ಮುಚ್ಚುಮರೆಯಿಲ್ಲದೆ ತಿಳಿಸಲಿ. ಬಣ್ಣವನ್ನು ನಾಳೆ ಕೆರೆದು ಬೇರೆ ಬಳಿಯಬಹುದು. ಕುಲುಮೆಗೆ ಹೋದ ಹಳೆಯ ಕಬ್ಬಿಣವನ್ನು ಮರಳಿ ತರುವವರು ಯಾರೂ ಇಲ್ಲ.