ಒಡೆದ ತುಟಿ, ಬರೀ ಚಳಿಗಾ?

ಕೆಳತುಟಿ ಒಡೆದು ತಿಂಗಳಾದ್ರೂ ಮಾಯ್ತಿಲ್ವಾ?
ಸಕಲೇಶಪುರದ ಚಳಿ ಅಂತ
ತುಪ್ಪ ಸವರಿ ಸುಮ್ಮನಾದ್ರಾ?

ಕನ್ನಡಿ ನೋಡಿ.
ಬಿಳಿ ಮಚ್ಚೆ, ಮುಟ್ಟಿದ್ರೆ ತರಿತರಿ,
ತುಟಿಯಂಚಿನ ಗೆರೆಯೇ ಮಾಸಿದೆಯಾ?

ಇದು ಬಿಸಿಲಿನ ಪೆಟ್ಟಿರಬಹುದು.
ಹೆಸರು, ಆಕ್ಟಿನಿಕ್ ಕೀಲೈಟಿಸ್.
ತೋಟದಲ್ಲಾದ್ರೆ ಮರದ ನೆರಳಿದೆ.
ಕಾಫಿ ಒಣಗಿಸೋ ಕಣದಲ್ಲಿ,
ಆಲೂರಿನ ಶುಂಠಿ ಹೊಲದಲ್ಲಿ ಎಲ್ಲಿದೆ?
ಬಿಸಿಲು ನೇರ ಬೀಳೋದು ಕೆಳತುಟಿಗೇ.

ಅರೇಬಿಕಾ ಗಿಡಕ್ಕೆ ಬೋರರ್ ಹುಳ ಹೊಕ್ಕ ಹಾಗೆ.
ಹೊರಗೆ ಸಣ್ಣ ಏಣು,
ಒಳಗೆ ಕೊರೆತ.
ಇದಿನ್ನೂ ಕ್ಯಾನ್ಸರ್ ಅಲ್ಲ.
ಹಾಗೇ ಬಿಟ್ರೆ, ಕೆಲವರಿಗೆ ಆಗುತ್ತೆ.

ಹಚ್ಚೋ ಮುಲಾಮಿದೆ.
5-ಫ್ಲೂರೋಯುರಾಸಿಲ್, ಇಲ್ಲಾ ಇಮಿಕ್ವಿಮೋಡ್.
ಕೆಲವು ವಾರ, ಡಾಕ್ಟರ್ ಹೇಳಿದಷ್ಟೇ.
ತುಟಿ ಕೆಂಪಾಗುತ್ತೆ, ಉರಿಯುತ್ತೆ, ಹಕ್ಕಳೆ ಕಟ್ಟುತ್ತೆ.
ಗಾಬರಿಯಾಗಿ ಅರ್ಧಕ್ಕೆ ಬಿಡಬೇಡಿ, ಡಾಕ್ಟರನ್ನ ಕೇಳಿ.
ಕೆಟ್ಟ ಜೀವಕೋಶ ಸಾಯ್ತಿರೋ ಗುರುತು ಅದು.
ಆಮೇಲೆ ಹೊಸ ಚರ್ಮ ಬರುತ್ತೆ.
ಬಸುರಿಯರು ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಗಂಟು, ಮಾಯದ ಹುಣ್ಣು, ರಕ್ತ ಇದ್ರೆ
ಮುಲಾಮಿಗೂ ಮುಂಚೆ ಬಯಾಪ್ಸಿ.

ಮೆಡಿಕಲ್ ಶಾಪಿನಿಂದ ಯಾವುದೋ ಟ್ಯೂಬ್ ತಂದು ಹಚ್ಚಬೇಡಿ.
ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ.
ಕಣಕ್ಕಿಳಿಯೋ ಮುಂಚೆ ಅಗಲ ಟೋಪಿ ಹಾಕಿ,
ಎಸ್‌ಪಿಎಫ್ 30 ಇರೋ ಲಿಪ್ ಬಾಮ್ ಹಚ್ಚಿ.
ಆಳುಗಳಿಗೂ ಕೊಡ್ಸಿ.